ಉಪ್ಪು ಬೆಂಕಿಗೆ ಜಗ್ಗಲ್ಲ, ಸಕ್ಕರೆ ಜಗ್ಗುತ್ತದೆ: ಬಂಧ ನೋಡಿ ಗುಣ ಹೇಳುವ ದಾರಿ

ಉಪ್ಪೂ ಬಿಳಿ, ಸಕ್ಕರೆಯೂ ಬಿಳಿ. ಎರಡೂ ಹರಳು, ಎರಡೂ ನೀರಿಗೆ ಹಾಕಿದರೆ ಕಾಣೆ. ಆದರೆ ಬೆಂಕಿಗೆ ಹಿಡಿದರೆ ಸಕ್ಕರೆ ಪಾಕವಾಗುತ್ತದೆ, ಉಪ್ಪು ಹಾಗೇ ಕೂತಿರುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತದೆ, ಸಕ್ಕರೆ ನೀರಿನಲ್ಲಿ ಹರಿಯುವುದಿಲ್ಲ. ಯಾಕೆ ಹೀಗೆ? ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನನ್ನ ಹತ್ತಿರ ಎಷ್ಟು ಸಲ ಬಂದಿದೆಯೆಂದರೆ, ಒಂದೊಂದಾಗಿ ಉತ್ತರ ಬರೆಯುವುದಕ್ಕಿಂತ ದಾರಿಯನ್ನೇ ತೋರಿಸಿಬಿಡುವುದು ವಾಸಿ ಅನ್ನಿಸಿತು.

ಪುಸ್ತಕದ ಉತ್ತರ ಎಲ್ಲರಿಗೂ ಬಾಯಿಪಾಠ. ಅಯಾನಿಕ ಸಂಯುಕ್ತಗಳ (ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಂಡು ಸೇರಿದವುಗಳ) ದ್ರವನ ಬಿಂದು, ಅಂದರೆ ಕಾದು ದ್ರವವಾಗುವ ಉಷ್ಣತೆ, ಜಾಸ್ತಿ; ಸಹವೇಲೆನ್ಸೀಯದ್ದು (ಎಲೆಕ್ಟ್ರಾನ್ ಹಂಚಿಕೊಂಡು ಸೇರಿದವುಗಳದ್ದು) ಕಡಿಮೆ. ಸರಿ, ಮುಂದಿನ ಪ್ರಶ್ನೆಯಲ್ಲಿ ಮರಳು ಬಂದರೆ? ಮರಳಿನಲ್ಲಿರುವುದು ಸಹವೇಲೆನ್ಸೀಯ ಬಂಧವೇ, ಆದರೆ ಅದು ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಬೇಕು. ಬಾಯಿಪಾಠ ಅಲ್ಲೇ ಕೈಕೊಡುತ್ತದೆ.

ಹಾಗಾಗಿ ಆ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅದರ ಬದಲು ಒಂದೇ ಒಂದು ಪ್ರಶ್ನೆ ಕೈಯಲ್ಲಿರಲಿ: ಈ ಕೆಲಸ ಆಗಬೇಕಾದರೆ ಯಾವ ಹಿಡಿತ ಬಿಡಬೇಕು? ಕರಗುವುದಿರಲಿ, ಕುದಿಯುವುದಿರಲಿ, ಒಡೆಯುವುದಿರಲಿ, ಪ್ರತಿ ಸಲವೂ ಇದನ್ನೇ ಕೇಳಿಕೊಳ್ಳಿ.

ಏನೇನು ಬೇಕು

ಓದಿ ಅರ್ಥ ಮಾಡಿಕೊಳ್ಳಲು ಒಂದು ಆವರ್ತಕ ಕೋಷ್ಟಕ ಸಾಕು. ಕೈಯಾರೆ ಮಾಡಿ ನೋಡುವವರಿಗೆ: ಒಂದು 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್, ಸ್ವಲ್ಪ ವೈರು, ಡಿಸ್ಟಿಲ್ಡ್ ವಾಟರ್, ಉಪ್ಪು, ಸಕ್ಕರೆ, ಭೂತಗನ್ನಡಿ, ಮತ್ತೆ ಹಾಳಾದರೂ ಚಿಂತೆಯಿಲ್ಲದ ಎರಡು ಸ್ಟೀಲ್ ಚಮಚ.

ಶುರು ಮಾಡುವ ಮೊದಲು ಒಂದು ಪದದ ತಕರಾರು

ಕನ್ನಡದಲ್ಲಿ ಓದುವವರಿಗೆ ಇಲ್ಲಿ ಒಂದು ಹೆಚ್ಚುವರಿ ಗುಂಡಿಯಿದೆ. ಮಂಜುಗಡ್ಡೆ ಬಿಸಿಲಿಗೆ ಕರಗುತ್ತದೆ. ಸಕ್ಕರೆ ನೀರಿನಲ್ಲಿ ಕರಗುತ್ತದೆ. ಪದ ಒಂದೇ, ಆದರೆ ನಡೆಯುವುದು ಎರಡು ಬೇರೆ ಸಂಗತಿ. ಮೊದಲನೆಯದರಲ್ಲಿ ವಸ್ತು ಒಂದೇ, ಅದಕ್ಕೆ ಶಾಖ ಸಿಕ್ಕಿ ದ್ರವವಾಯಿತು. ಎರಡನೆಯದರಲ್ಲಿ ಇನ್ನೊಂದು ವಸ್ತು ಬಂದು ಕಣಗಳನ್ನು ಒಂದೊಂದಾಗಿ ಎಳೆದುಕೊಂಡು ಹೋಯಿತು. "ಉಪ್ಪು ಸುಲಭವಾಗಿ ಕರಗುತ್ತದಲ್ಲಾ, ಮತ್ತೆ ಬಂಧ ಗಟ್ಟಿ ಅಂತೀರಿ?" ಅನ್ನುವ ಗೊಂದಲ ಹುಟ್ಟುವುದು ಇಲ್ಲೇ. ಈ ಲೇಖನದಲ್ಲಿ ಮೊದಲನೆಯದನ್ನು "ಕಾದು ಕರಗುವುದು" ಅನ್ನುತ್ತೇನೆ, ಎರಡನೆಯದನ್ನು "ನೀರಲ್ಲಿ ಕರಗುವುದು". ಕಾದು ಕರಗುವ ಉಷ್ಣತೆಯೇ ದ್ರವನ ಬಿಂದು.

ಹಂತ 1: ಯಾರ ಜೊತೆ ಯಾರು ಸೇರಿದ್ದಾರೆ ನೋಡಿ

ಆವರ್ತಕ ಕೋಷ್ಟಕದ ಎಡಗಡೆ ಮತ್ತು ನಡುವೆ ಲೋಹಗಳು, ಬಲಗಡೆ ಮೇಲ್ಭಾಗದಲ್ಲಿ ಅಲೋಹಗಳು. ಸೋಡಿಯಂನಂಥ ಲೋಹಕ್ಕೆ ಹೊರಗಿನ ಎಲೆಕ್ಟ್ರಾನ್ ಮೇಲೆ ಹಿಡಿತ ಕಡಿಮೆ. ಕ್ಲೋರಿನ್‌ಗೆ ಸೆಳೆತ ಜಾಸ್ತಿ. ಎರಡೂ ಸೇರಿದಾಗ ಎಲೆಕ್ಟ್ರಾನ್ ಪೂರ್ತಿ ಕ್ಲೋರಿನ್ ಪಾಲಾಗುತ್ತದೆ. ಕೊಟ್ಟದ್ದು ಧನ ಅಯಾನು, ತೆಗೆದುಕೊಂಡದ್ದು ಋಣ ಅಯಾನು (ಅಯಾನು ಅಂದರೆ ವಿದ್ಯುತ್ ಆವೇಶ ಹೊತ್ತ ಕಣ). ಇವೆರಡರ ನಡುವಿನ ಸೆಳೆತವೇ ಅಯಾನಿಕ ಬಂಧ.

ಎರಡೂ ಅಲೋಹವಾದರೆ ಯಾರೂ ಬಿಟ್ಟುಕೊಡುವವರಲ್ಲ. ಆಗ ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳುತ್ತವೆ, ಅದು ಸಹವೇಲೆನ್ಸೀಯ ಬಂಧ. ಜೋಡಿ ಹಂಚಿಕೊಳ್ಳುವ ಈ ವಿಚಾರವನ್ನು 1916ರಲ್ಲಿ ಮುಂದಿಟ್ಟವರು ಗಿಲ್ಬರ್ಟ್ ಲೂಯಿಸ್.

ಸೆಳೆತಕ್ಕೆ ಅಳತೆಯೂ ಇದೆ. ಅದರ ಹೆಸರು ವಿದ್ಯುದೃಣತ್ವ, ಅಂದರೆ ಹಂಚಿಕೊಂಡ ಎಲೆಕ್ಟ್ರಾನನ್ನು ತನ್ನ ಕಡೆಗೆ ಎಳೆದುಕೊಳ್ಳುವ ತಾಕತ್ತು. 1932ರಲ್ಲಿ ಲೈನಸ್ ಪೌಲಿಂಗ್ ಇದನ್ನು ಅಂಕಿಗಳಲ್ಲಿ ಹೇಳಿದರು. ಇವತ್ತಿನ ಪಟ್ಟಿಯಲ್ಲಿ ಸೋಡಿಯಂ 0.93, ಕ್ಲೋರಿನ್ 3.16, ವ್ಯತ್ಯಾಸ 2.23. ಕಾರ್ಬನ್ 2.55, ಹೈಡ್ರೋಜನ್ 2.20, ವ್ಯತ್ಯಾಸ ಬರೀ 0.35. ವ್ಯತ್ಯಾಸ 1.7 ದಾಟಿದರೆ ಅಯಾನಿಕ ಎಂದು ಸುಮಾರಾಗಿ ಹೇಳುತ್ತಾರೆ.

ಎಚ್ಚರಿಕೆ: ಆ 1.7 ಬರೀ ಸುಳಿವು, ಕಾನೂನಲ್ಲ. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ವ್ಯತ್ಯಾಸ 1.78, ಆದರೂ ಅದು ಅಣುಗಳ ವಸ್ತು, 19.5 ಡಿಗ್ರಿಗೇ ಕುದಿಯುತ್ತದೆ. "ಲೋಹ ಇದ್ದರೆ ಅಯಾನಿಕ" ಅನ್ನುವುದೂ ಹಾಗೇ. ಟೈಟಾನಿಯಂ ಲೋಹ, ಆದರೆ ಟೈಟಾನಿಯಂ ಟೆಟ್ರಾಕ್ಲೋರೈಡ್ 136 ಡಿಗ್ರಿಗೆ ಕುದಿಯುವ ದ್ರವ. ಉಲ್ಟಾ ಉದಾಹರಣೆಯೂ ಇದೆ: ಅಮೋನಿಯಂ ಕ್ಲೋರೈಡ್‌ನಲ್ಲಿ ಹುಡುಕಿದರೂ ಒಂದು ಲೋಹ ಇಲ್ಲ, ಆದರೆ ಅದು ಅಯಾನಿಕ. ಹೆಸರಿನಲ್ಲಿ ಅಮೋನಿಯಂ, ಸಲ್ಫೇಟ್, ನೈಟ್ರೇಟ್, ಕಾರ್ಬೊನೇಟ್ ಕಂಡರೆ ಒಂದು ನಿಮಿಷ ನಿಲ್ಲಿ. ಇವು ಗುಂಪು ಅಯಾನುಗಳು. ಗುಂಪಿನ ಒಳಗೆ ಸಹವೇಲೆನ್ಸೀಯ ಬಂಧ, ಗುಂಪು ಮತ್ತು ಎದುರಿನ ಅಯಾನಿನ ನಡುವೆ ಅಯಾನಿಕ ಬಂಧ. ಒಂದೇ ವಸ್ತುವಿನಲ್ಲಿ ಎರಡೂ ಇರಬಹುದು.

ಹಂತ 2: ಒಳಗೆ ಇರುವುದು ಅಣುವೋ, ಜಾಲವೋ?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಹಂತ ಇದು, ಮತ್ತು ಎಲ್ಲರೂ ಹಾರಿಸುವುದೂ ಇದನ್ನೇ. ಬಂಧ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮಾತ್ರ. ಆ ಬಂಧ ಎಲ್ಲಿಯವರೆಗೆ ಹಬ್ಬಿದೆ ಅನ್ನುವುದು ಇನ್ನರ್ಧ.

1913ರಲ್ಲಿ ಬ್ರ್ಯಾಗ್ ಅಪ್ಪ-ಮಗ ಎಕ್ಸ್-ರೇ ಹಾಯಿಸಿ ಉಪ್ಪಿನ ಹರಳಿನ ಒಳಗಿನ ಜೋಡಣೆ ಕಂಡುಹಿಡಿದರು. ಅಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ಜೊತೆ ಜೋಡಿಯಾಗಿ ನಿಂತಿರಲಿಲ್ಲ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರೈಡ್ (ಕ್ಲೋರಿನ್‌ನ ಋಣ ಅಯಾನು), ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ, ಹರಳಿನ ಈ ತುದಿಯಿಂದ ಆ ತುದಿಯವರೆಗೂ ಅದೇ ಸಾಲು. ಹಾಗಾಗಿ "ಉಪ್ಪಿನ ಅಣು" ಅನ್ನುವ ಮಾತು ತಪ್ಪು. ಸೋಡಿಯಂ ಕ್ಲೋರೈಡ್ ಎಂಬ ಸೂತ್ರ ಹೇಳುವುದು ಬರೀ ಲೆಕ್ಕ: ಒಂದಕ್ಕೆ ಒಂದು. ಈ ಜೋಡಣೆಗೆ ಜಾಲಕ ಎಂದು ಹೆಸರು.

ಸಕ್ಕರೆ ಹಾಗಲ್ಲ. ಅಲ್ಲಿ ನಿಜಕ್ಕೂ ಅಣುಗಳಿವೆ. ಒಂದೊಂದು ಸುಕ್ರೋಸ್ ಅಣುವಿನಲ್ಲಿ 12 ಕಾರ್ಬನ್, 22 ಹೈಡ್ರೋಜನ್, 11 ಆಕ್ಸಿಜನ್, ಒಟ್ಟು 45 ಪರಮಾಣು. ಅಣುವಿನ ಒಳಗೆ ಹಿಡಿತ ಬಿಗಿ. ಅಣು ಮತ್ತು ಪಕ್ಕದ ಅಣುವಿನ ನಡುವೆ ಹಿಡಿತ ಸಡಿಲ.

ಮೂರನೆಯ ಜಾತಿಯೊಂದಿದೆ. ಸಹವೇಲೆನ್ಸೀಯ ಬಂಧವೇ, ಆದರೆ ಅಣುವಾಗಿ ಮುಗಿಯದೆ ಹರಳಿನ ಉದ್ದಕ್ಕೂ ಹಬ್ಬಿರುತ್ತದೆ. ವಜ್ರ ಹೀಗೆ. ಮರಳಿನ ಸಿಲಿಕಾನ್ ಡೈಆಕ್ಸೈಡ್ ಹೀಗೆ. ಅದರ ಪಕ್ಕ ಕಾರ್ಬನ್ ಡೈಆಕ್ಸೈಡ್ ಇಟ್ಟು ನೋಡಿ: ಹೆಸರು ಅಣ್ಣತಮ್ಮಂದಿರ ಹಾಗೆ, ಕಾರ್ಬನ್ ಮತ್ತು ಸಿಲಿಕಾನ್ ಕೋಷ್ಟಕದಲ್ಲಿ ಒಂದೇ ಕಂಬಸಾಲು, ಎರಡರಲ್ಲೂ ಸಹವೇಲೆನ್ಸೀಯ ಬಂಧ. ಆದರೆ ಕಾರ್ಬನ್ ಡೈಆಕ್ಸೈಡ್ -78.5 ಡಿಗ್ರಿಗೇ ಘನದಿಂದ ನೇರ ಅನಿಲವಾಗಿ ಹಾರಿಹೋಗುತ್ತದೆ, ಇನ್ನೊಂದು 1,700 ಡಿಗ್ರಿಯ ಹತ್ತಿರ ಬಂದರೆ ಮಾತ್ರ ಬಗ್ಗುತ್ತದೆ. ವ್ಯತ್ಯಾಸ ಇಷ್ಟೇ: ಮೊದಲನೆಯದು ಮೂರು ಪರಮಾಣುಗಳ ಪುಟ್ಟ ಅಣು, ಎರಡನೆಯದು ಮುಗಿಯದ ಬಲೆ.

ಹಂತ 3: ಕಾದು ಕರಗುವಾಗ ಯಾವ ಹಿಡಿತ ಬಿಟ್ಟಿತು?

ಒಂದು ಚಮಚದಲ್ಲಿ ಚಿಟಿಕೆ ಉಪ್ಪು, ಇನ್ನೊಂದರಲ್ಲಿ ಚಿಟಿಕೆ ಸಕ್ಕರೆ ಹಾಕಿ, ಒಂದೇ ಉರಿಯ ಮೇಲೆ ಹಿಡಿಯಿರಿ. ಚಮಚದ ಹಿಡಿಗೆ ಬಟ್ಟೆ ಸುತ್ತಿ, ಕಾದು ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿದರೆ ಬಿಡದೆ ಸುಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ. ಸ್ವಲ್ಪ ಹೊತ್ತಿಗೆ ಸಕ್ಕರೆಯ ಅಂಚು ಒದ್ದೆಯಾದಂತೆ ಮಿನುಗುತ್ತದೆ, ಆಮೇಲೆ ದ್ರವ, ಆಮೇಲೆ ಚಿನ್ನದ ಬಣ್ಣ, ಬಿಟ್ಟರೆ ಕಪ್ಪು. ಉಪ್ಪು ಚಟಪಟ ಸದ್ದು ಮಾಡಬಹುದು, ಅಷ್ಟೇ. ಅದು ಕಾದು ಕರಗಲು 801 ಡಿಗ್ರಿ ಬೇಕು.

ಈಗ ನಮ್ಮ ಪ್ರಶ್ನೆ ಕೇಳಿ. ಉಪ್ಪು ದ್ರವವಾಗಬೇಕಾದರೆ ಅಯಾನುಗಳು ಜಾಗ ಬಿಟ್ಟು ಓಡಾಡಬೇಕು, ಅಂದರೆ ಅಯಾನಿಕ ಬಂಧವೇ ಸಡಿಲವಾಗಬೇಕು. ಸಕ್ಕರೆ ದ್ರವವಾಗಲು ಅಣುಗಳು ಒಂದರ ಪಕ್ಕದಿಂದ ಒಂದು ಜಾರಿದರೆ ಸಾಕು. ಅಣುವಿನ ಒಳಗಿನ ಬಂಧಕ್ಕೆ ಕೈ ಹಚ್ಚುವ ಅಗತ್ಯವೇ ಇಲ್ಲ. (ಸಕ್ಕರೆಯ ವಿಷಯದಲ್ಲಿ ಸಣ್ಣ ತಿರುವಿದೆ. ಸುಮಾರು 186 ಡಿಗ್ರಿಯಲ್ಲಿ ಅದು ಕರಗುತ್ತಲೇ ಒಡೆಯುವುದಕ್ಕೂ ಶುರುವಾಗುತ್ತದೆ. ಆ ಕಂದು ಬಣ್ಣ ಬರುವುದು ಅಣುಗಳೇ ಮುರಿದು ಬೇರೆಯಾಗುವುದರಿಂದ.)

ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಇದೇ: "ಸಹವೇಲೆನ್ಸೀಯ ಬಂಧ ದುರ್ಬಲ, ಅದಕ್ಕೇ ಬೇಗ ಕರಗುತ್ತದೆ." ಖಂಡಿತ ಅಲ್ಲ. ನೀರಿನ ಅಣುವಿನೊಳಗೆ ಒಂದು ಆಕ್ಸಿಜನ್-ಹೈಡ್ರೋಜನ್ ಬಂಧ ಮುರಿಯಲು ಪ್ರತಿ ಮೋಲ್‌ಗೆ ಸುಮಾರು 463 ಕಿಲೋಜೂಲ್ ಬೇಕು (ಮೋಲ್ ಅಂದರೆ ಕಣಗಳನ್ನು ಎಣಿಸುವ ದೊಡ್ಡ ಅಳತೆ). ಅಕ್ಕಪಕ್ಕದ ಎರಡು ನೀರಿನ ಅಣುಗಳನ್ನು ಹಿಡಿದಿರುವ ಹೈಡ್ರೋಜನ್ ಬಂಧಕ್ಕೆ 20ರ ಆಸುಪಾಸು ಸಾಕು. ನೀರು ಕುದಿಯುವಾಗ ಬಿಡುವುದು ಈ ಎರಡನೆಯ ಹಿಡಿತ. ಮೊದಲನೆಯದು ಬಿಡುವ ಹಾಗಿದ್ದರೆ ಪಾತ್ರೆಯಿಂದ ಮೇಲೇಳುವುದು ಹಬೆಯಲ್ಲ, ಹೈಡ್ರೋಜನ್ ಮತ್ತು ಆಕ್ಸಿಜನ್. ಕೆಳಗೆ ಉರಿಯುವ ಒಲೆ ಬೇರೆ! ನೀರು ಕಾಯಿಸುವ ಧೈರ್ಯ ಯಾರಿಗಿರುತ್ತಿತ್ತು ಹೇಳಿ.

ಅಯಾನಿಕ ವಸ್ತುಗಳಲ್ಲಿ ಯಾವುದು ಜಾಸ್ತಿ, ಯಾವುದು ಕಡಿಮೆ ಎಂದು ಹೇಳಲು ಎರಡು ನೋಡಿ: ಆವೇಶ ಎಷ್ಟು, ಅಯಾನು ಎಷ್ಟು ದಪ್ಪ. ದಪ್ಪವಾದಷ್ಟೂ ದೂರ, ದೂರವಾದಷ್ಟೂ ಸೆಳೆತ ಕಡಿಮೆ. ಸೋಡಿಯಂ ಫ್ಲೋರೈಡ್ 993 ಡಿಗ್ರಿ, ಕ್ಲೋರೈಡ್ 801, ಬ್ರೋಮೈಡ್ 747, ಅಯೋಡೈಡ್ 661. ಮೆಟ್ಟಿಲು ಇಳಿದ ಹಾಗಿದೆ, ಅಲ್ವಾ? ಆವೇಶದ ಪ್ರಭಾವ ಇನ್ನೂ ಜೋರು. ಮೆಗ್ನೀಷಿಯಂ ಆಕ್ಸೈಡ್‌ನಲ್ಲಿ ಎರಡೂ ಕಡೆ ಆವೇಶ ಎರಡೆರಡು, ಗುಣಿಸಿದರೆ ನಾಲ್ಕು ಪಟ್ಟು, ಜೊತೆಗೆ ಅಯಾನುಗಳೂ ಹತ್ತಿರ. ದ್ರವನ ಬಿಂದು 2,852 ಡಿಗ್ರಿ. ಕುಲುಮೆಯ ಒಳಗೋಡೆಯ ಇಟ್ಟಿಗೆಗೆ ಇದನ್ನು ಬಳಸುವುದು ಸುಮ್ನೆ ಅಲ್ಲ.

ಅಣುಗಳ ವಸ್ತುವಾದರೆ ಅಣುಗಳ ನಡುವಿನ ಸೆಳೆತವನ್ನು ಅಳೆಯಿರಿ. ಅಣು ದೊಡ್ಡದಾದಷ್ಟೂ, ಎಲೆಕ್ಟ್ರಾನ್ ಜಾಸ್ತಿ ಇದ್ದಷ್ಟೂ ಸೆಳೆತ ಜಾಸ್ತಿ. ಕುದಿಬಿಂದುಗಳು ಇದಕ್ಕೆ ಸಾಕ್ಷಿ: ಫ್ಲೋರಿನ್ -188, ಕ್ಲೋರಿನ್ -34, ಬ್ರೋಮಿನ್ 59, ಅಯೋಡಿನ್ 184. ಇಲ್ಲಿ ಮೆಟ್ಟಿಲು ಮೇಲಕ್ಕೆ ಹೋಗುತ್ತಿದೆ, ಮೇಲೆ ಹೇಳಿದ ಸೋಡಿಯಂ ಸಾಲಿನ ತದ್ವಿರುದ್ಧ. ದಪ್ಪ ಅಯಾನು ಹಿಡಿತ ಸಡಿಲಿಸುತ್ತದೆ, ದಪ್ಪ ಅಣು ಹಿಡಿತ ಬಿಗಿ ಮಾಡುತ್ತದೆ. ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಂಡವರು ಬೇಕಾದಷ್ಟು ಜನ.

ಇನ್ನು ಹೈಡ್ರೋಜನ್ ಬಂಧ. ಆಕ್ಸಿಜನ್, ನೈಟ್ರೋಜನ್ ಅಥವಾ ಫ್ಲೋರಿನ್‌ಗೆ ಅಂಟಿಕೊಂಡ ಹೈಡ್ರೋಜನ್, ಪಕ್ಕದ ಅಣುವಿನಲ್ಲಿರುವ ಈ ಮೂರರಲ್ಲೊಂದು ಪರಮಾಣುವನ್ನು ಸೆಳೆಯುತ್ತದೆ. ಎಥನಾಲ್ ಮತ್ತು ಡೈಮೀಥೈಲ್ ಈಥರ್ ಎರಡರಲ್ಲೂ 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್. ತೂಕವೂ ಒಂದೇ. ಎಥನಾಲ್‌ನಲ್ಲಿ ಒಂದು ಹೈಡ್ರೋಜನ್ ಆಕ್ಸಿಜನ್‌ಗೆ ಅಂಟಿದೆ, ಈಥರ್‌ನಲ್ಲಿ ಎಲ್ಲವೂ ಕಾರ್ಬನ್‌ಗೆ. ಅದೊಂದೇ ಕಾರಣಕ್ಕೆ ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ಈಥರ್ -24ಕ್ಕೇ ಅನಿಲ.

ಮೂಗೂ ಒಂದು ಉಪಕರಣವೇ. ನ್ಯಾಫ್ತಲೀನ್‌ನ ನುಸಿ ಗುಳಿಗೆ ವಾಸನೆ ಬರುವುದು ಅಣುಗಳು ಕೈಬಿಟ್ಟು ಗಾಳಿಗೆ ಸೇರುವುದರಿಂದ. ಶುದ್ಧ ಉಪ್ಪಿಗೆ ವಾಸನೆ ಇಲ್ಲ, ಅಯಾನುಗಳು ಹಾಗೆಲ್ಲ ಎದ್ದು ಹೋಗುವುದಿಲ್ಲ. ಹಾಗಂತ ಗುರುತಿಲ್ಲದ ಡಬ್ಬಿ ತೆಗೆದು ಮೂಸಲು ಹೋಗಬೇಡಿ.

ಹಂತ 4: ನೀರಲ್ಲಿ ಕರಗುತ್ತದೆಯೇ?

ಇಲ್ಲಿ ಹಗ್ಗಜಗ್ಗಾಟ. ಒಂದು ಕಡೆ ಜಾಲಕ, ಇನ್ನೊಂದು ಕಡೆ ನೀರು. ನೀರಿನ ಅಣುವಿನ ಆಕ್ಸಿಜನ್ ಬದಿಗೆ ಸ್ವಲ್ಪ ಋಣ, ಹೈಡ್ರೋಜನ್ ಬದಿಗೆ ಸ್ವಲ್ಪ ಧನ. ಸೋಡಿಯಂ ಸುತ್ತ ನೀರು ಆಕ್ಸಿಜನ್ ಮುಖ ಮಾಡಿ ಮುತ್ತಿಕೊಳ್ಳುತ್ತದೆ, ಕ್ಲೋರೈಡ್ ಸುತ್ತ ಹೈಡ್ರೋಜನ್ ಮುಖ ಮಾಡಿ.

ಲೆಕ್ಕ ಸ್ವಾರಸ್ಯವಾಗಿದೆ. ಒಂದು ಮೋಲ್ ಉಪ್ಪಿನ, ಅಂದರೆ ಸುಮಾರು 58.4 ಗ್ರಾಂನ, ಜಾಲಕ ಬಿಚ್ಚಲು ಸುಮಾರು 787 ಕಿಲೋಜೂಲ್ ಖರ್ಚು. ನೀರು ಮುತ್ತಿಕೊಳ್ಳುವುದರಿಂದ ಹೆಚ್ಚುಕಡಿಮೆ ಅಷ್ಟೇ ವಾಪಸ್ ಬರುತ್ತದೆ, ಕೊರತೆ ಬರೀ 4 ಕಿಲೋಜೂಲ್. ಆ ಕೊರತೆಯನ್ನು ನೀರಿನ ಶಾಖವೇ ತುಂಬುತ್ತದೆ, ಹಾಗಾಗಿ ಉಪ್ಪು ಹಾಕಿದ ನೀರು ಒಂಚೂರು ತಣ್ಣಗಾಗುತ್ತದೆ. ಕೊರತೆ ಇದ್ದರೂ ಉಪ್ಪು ಕರಗುವುದಕ್ಕೆ ಕಾರಣ, ಅಯಾನುಗಳು ನೀರಿನ ತುಂಬ ಚೆದುರಿ ಹರಡಿಕೊಳ್ಳುವ ಒಲವು. ಇದನ್ನೇ ಎಂಟ್ರೊಪಿ ಲೆಕ್ಕ ಅನ್ನುತ್ತಾರೆ. 801 ಡಿಗ್ರಿಯ ಉರಿ ಮಾಡುವ ಕೆಲಸವನ್ನು ಒಂದು ಲೋಟ ತಣ್ಣೀರು ಮಾಡಿ ಮುಗಿಸುವುದು ಹೀಗೆ.

ಎಚ್ಚರಿಕೆ: "ಅಯಾನಿಕ ಅಂದರೆ ನೀರಲ್ಲಿ ಕರಗುತ್ತದೆ" ಎಂದು ಬರೆದುಬಿಡಬೇಡಿ. ಹಗ್ಗಜಗ್ಗಾಟದಲ್ಲಿ ಜಾಲಕ ಗೆಲ್ಲುವುದೂ ಉಂಟು. ಸಿಲ್ವರ್ ಕ್ಲೋರೈಡ್, ಬೇರಿಯಂ ಸಲ್ಫೇಟ್ ಎರಡೂ ನೀರಿಗೆ ಸೊಪ್ಪು ಹಾಕುವುದಿಲ್ಲ. ಬೇರಿಯಂ ಅಯಾನು ವಿಷ. ಆದರೂ ಹೊಟ್ಟೆಯ ಎಕ್ಸ್-ರೇಗೆ ಮುಂಚೆ ಬೇರಿಯಂ ಸಲ್ಫೇಟ್ ಕಲಕಿ ಕುಡಿಸುತ್ತಾರೆ. ಅದು ಕರಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಕರಗುವುದರಿಂದ ಅಯಾನು ಬಿಡುಗಡೆಯಾಗದೆ ಹಾಗೇ ಹೊರಗೆ ಹೋಗುತ್ತದೆ.

ಸಕ್ಕರೆಯ ಅಣುವಿನಲ್ಲಿ ಎಂಟು ಕಡೆ ಆಕ್ಸಿಜನ್-ಹೈಡ್ರೋಜನ್ ಗುಂಪು ಇದೆ. ನೀರು ಅವುಗಳ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಂಡು ಅಣುವನ್ನು ಇಡಿಯಾಗಿ ಎತ್ತಿಕೊಂಡು ಹೋಗುತ್ತದೆ. ಕೋಣೆಯ ಉಷ್ಣತೆಯಲ್ಲಿ 100 ಗ್ರಾಂ ನೀರು ಉಪ್ಪನ್ನು 36 ಗ್ರಾಂವರೆಗೆ ಹಿಡಿಸಿಕೊಂಡರೆ, ಸಕ್ಕರೆಯನ್ನು ಸುಮಾರು 200 ಗ್ರಾಂ ಹಿಡಿಸಿಕೊಳ್ಳುತ್ತದೆ. ನ್ಯಾಫ್ತಲೀನ್‌ಗೆ ಅಂಥ ಗುಂಪೇ ಇಲ್ಲ, ನೀರು ಅದನ್ನು ಮುಟ್ಟುವುದಿಲ್ಲ.

ಹಂತ 5: ಕರೆಂಟ್ ಹರಿಸಿ ನೋಡಿ

ಬ್ಯಾಟರಿಯ ಧನ ತುದಿಯಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಒಂದು ಪೆನ್ಸಿಲ್. ಇನ್ನೊಂದು ಪೆನ್ಸಿಲ್ ನೇರ ಬ್ಯಾಟರಿಯ ಋಣ ತುದಿಗೆ. ಪೆನ್ಸಿಲ್‌ಗಳ ಕೆಳತುದಿ ಒಂದಕ್ಕೊಂದು ತಾಗದಂತೆ ಲೋಟದಲ್ಲಿ ಇಳಿಬಿಡಿ. ಈ ಕ್ರಮದಲ್ಲಿ ಪರೀಕ್ಷಿಸಿ: ಒಣ ಸಕ್ಕರೆ, ಒಣ ಉಪ್ಪು, ಬರೀ ಡಿಸ್ಟಿಲ್ಡ್ ವಾಟರ್, ಸಕ್ಕರೆ ನೀರು, ಕೊನೆಗೆ ಉಪ್ಪುನೀರು. ದೀಪ ಚೆನ್ನಾಗಿ ಹೊತ್ತುವುದು ಕೊನೆಯದರಲ್ಲಿ ಮಾತ್ರ.

ಕ್ರಮ ತಪ್ಪಿಸಬೇಡಿ. ನಾನು ಮೊದಲ ಸಲ ಉಪ್ಪುನೀರು ನೋಡಿ, ಪೆನ್ಸಿಲ್ ತೊಳೆಯದೆ ಸಕ್ಕರೆ ನೀರಿಗೆ ಅದ್ದಿ, ದೀಪ ಮಿಣಿಮಿಣಿ ಅಂದದ್ದನ್ನು ನೋಡಿ ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದೆ. ನಲ್ಲಿ ನೀರು ಬಳಸಿದರೂ ಅದೇ ಕತೆ, ಅದರಲ್ಲಿ ಮೊದಲೇ ಅಯಾನುಗಳಿರುತ್ತವೆ.

ಸುರಕ್ಷತೆಯ ಮಾತು ಎರಡು. ಗೋಡೆಯ ಪ್ಲಗ್‌ನ ಕರೆಂಟ್ ಯಾವ ಕಾರಣಕ್ಕೂ ಬೇಡ, ಜೀವ ಹೋಗುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಹರಿದಾಗ ಒಂದು ಪೆನ್ಸಿಲ್ ಹತ್ತಿರ ಹೈಡ್ರೋಜನ್ ಗುಳ್ಳೆ, ಇನ್ನೊಂದರ ಹತ್ತಿರ ಕ್ಲೋರಿನ್ ಬರುತ್ತದೆ. ಕಿಟಕಿ ತೆರೆದಿಡಿ, ಹತ್ತು ಸೆಕೆಂಡಿಗೆ ನಿಲ್ಲಿಸಿ, ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಆಗಲೇ ವೈರು ಕಿತ್ತುಬಿಡಿ.

ಒಣ ಉಪ್ಪಿನಲ್ಲಿ ಅಯಾನುಗಳಿದ್ದರೂ ದೀಪ ಹೊತ್ತಲಿಲ್ಲ, ಗಮನಿಸಿದಿರಾ? ಆವೇಶ ಇದ್ದರೆ ಸಾಲದು, ಓಡಾಡಬೇಕು. ಜಾಲಕದಲ್ಲಿ ಅವು ಕಟ್ಟಿಹಾಕಿದಂತೆ ನಿಂತಿರುತ್ತವೆ. ಕಾದು ಕರಗಿದರೆ ಅಥವಾ ನೀರಲ್ಲಿ ಕರಗಿದರೆ ಬಿಡುಗಡೆ. ನೀರಿನಲ್ಲಿ ಅಯಾನುಗಳು ತಾವಾಗಿಯೇ ಬೇರೆಯಾಗುತ್ತವೆ ಅನ್ನುವ ವಾದಕ್ಕೆ ಸ್ವಾಂಟೆ ಅರ್ಹೇನಿಯಸ್ ಅವರ 1884ರ ಪ್ರಬಂಧದಲ್ಲಿ ಬೇರು ಇದೆ, 1903ರಲ್ಲಿ ಅವರಿಗೆ ನೊಬೆಲ್ ಬಂದದ್ದೂ ಇದಕ್ಕೇ.

ಒಂದು ಅಪವಾದ ನೆನಪಿಡಿ. ಹೈಡ್ರೋಜನ್ ಕ್ಲೋರೈಡ್ ಅಣುಗಳ ಅನಿಲ, ಆದರೆ ನೀರಿಗೆ ಸೇರಿದ ಕೂಡಲೇ ಅಯಾನುಗಳಾಗಿ ಒಡೆದು ಚೆನ್ನಾಗಿ ಕರೆಂಟ್ ಹರಿಸುತ್ತದೆ. ಆಮ್ಲಗಳನ್ನು ಬೇರೆಯಾಗಿಯೇ ನೋಡಿ. ಅಂದಹಾಗೆ ನಿಮ್ಮ ಪೆನ್ಸಿಲ್‌ನ ಗ್ರಾಫೈಟ್ ಕೂಡ ಸಹವೇಲೆನ್ಸೀಯ ಬಂಧದ್ದೇ. ಆದರೆ ಅದರ ಪದರಗಳಲ್ಲಿ ಕೆಲವು ಎಲೆಕ್ಟ್ರಾನ್‌ಗಳಿಗೆ ಓಡಾಡುವ ಸ್ವಾತಂತ್ರ್ಯ ಇದೆ, ಅದಕ್ಕೇ ಈ ಪ್ರಯೋಗ ಸಾಧ್ಯವಾಯಿತು.

ಹಂತ 6: ಗುದ್ದಿ ನೋಡಿ

ಇದು ಚಿಕ್ಕದು. ಕಲ್ಲುಪ್ಪಿನ ಒಂದು ಹರಳನ್ನು ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಕುಟ್ಟಿ, ಚೂರುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹಲವು ಚೂರುಗಳಿಗೆ ಚಪ್ಪಟೆ ಮುಖ, ಚೌಕ ಮೂಲೆ ಕಾಣುತ್ತದೆ. ಪೆಟ್ಟು ಬಿದ್ದಾಗ ಒಂದು ಪದರ ಒಂದು ಹೆಜ್ಜೆ ಸರಿಯುತ್ತದೆ, ಧನದ ಎದುರು ಧನ, ಋಣದ ಎದುರು ಋಣ ಬರುತ್ತದೆ, ತಳ್ಳಾಟಕ್ಕೆ ಹರಳು ನೇರ ಸೀಳುತ್ತದೆ. ಗಟ್ಟಿ, ಆದರೆ ಪೆಡಸು. ಮೇಣದಂಥ ಅಣು ವಸ್ತು ಉಗುರಿಗೇ ಕೆತ್ತಿ ಬರುತ್ತದೆ, ಅಲ್ಲಿ ಸರಿಯಬೇಕಾದದ್ದು ಸಡಿಲ ಹಿಡಿತದ ಅಣುಗಳು.

ಹಂತ 7: ಗೊತ್ತಿಲ್ಲದ ವಸ್ತುವಿನ ಮೇಲೆ ಪ್ರಯೋಗಿಸಿ

ಯೂರಿಯಾ ಮತ್ತು ಪೊಟ್ಯಾಸಿಯಂ ನೈಟ್ರೇಟ್ ತೆಗೆದುಕೊಳ್ಳೋಣ. ಎರಡೂ ಬಿಳಿ, ಎರಡೂ ನೀರಲ್ಲಿ ಕರಗುತ್ತವೆ, ಎರಡರಲ್ಲೂ ನೈಟ್ರೋಜನ್ ಇದೆ.

ಯೂರಿಯಾದಲ್ಲಿ ಕಾರ್ಬನ್, ಆಕ್ಸಿಜನ್, ನೈಟ್ರೋಜನ್, ಹೈಡ್ರೋಜನ್. ಲೋಹ ಇಲ್ಲ, ಗುಂಪು ಅಯಾನೂ ಇಲ್ಲ. ಹಾಗಾದರೆ ಅಣು. ನೈಟ್ರೋಜನ್‌ಗೆ ಅಂಟಿದ ಹೈಡ್ರೋಜನ್ ಇದೆ, ಹಾಗಾಗಿ ಹೈಡ್ರೋಜನ್ ಬಂಧ. ಅಷ್ಟು ಪುಟ್ಟ ಅಣುವಿಗೆ ದ್ರವನ ಬಿಂದು ಸ್ವಲ್ಪ ಜಾಸ್ತಿಯೇ ಇರಬೇಕು, ನೀರಲ್ಲಿ ಚೆನ್ನಾಗಿ ಕರಗಬೇಕು, ಕರೆಂಟ್ ಹರಿಸಬಾರದು. ನಿಜದಲ್ಲಿ 133 ಡಿಗ್ರಿ, ಉಳಿದದ್ದೂ ಹಾಗೇ.

ಪೊಟ್ಯಾಸಿಯಂ ನೈಟ್ರೇಟ್ ಅಯಾನಿಕ, ನೀರಿನಲ್ಲಿ ಕರೆಂಟ್ ಹರಿಸುತ್ತದೆ. ಆವೇಶ ಒಂದಕ್ಕೆ ಒಂದು, ಪೊಟ್ಯಾಸಿಯಂ ಕ್ಲೋರೈಡ್‌ನ ಹಾಗೇ. ಆದರೆ ನೈಟ್ರೇಟ್ ಕ್ಲೋರೈಡ್‌ನಂತೆ ಉಂಡೆಯಲ್ಲ, ಚಪ್ಪಟೆ ಗುಂಪು, ಆವೇಶವೂ ಮೂರು ಆಕ್ಸಿಜನ್‌ಗಳ ಮೇಲೆ ಹರಡಿದೆ. ಹಿಡಿತ ಸಡಿಲ ಇರಬೇಕು. ಕ್ಲೋರೈಡ್ 770 ಡಿಗ್ರಿ, ನೈಟ್ರೇಟ್ 334.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ? ಪೊಟ್ಯಾಸಿಯಂ ತೆಗೆದು ಅದರ ಜಾಗದಲ್ಲಿ ಎಥೈಲ್ ಅಮೋನಿಯಂ ಎಂಬ ಅಂಕುಡೊಂಕಿನ ದೊಡ್ಡ ಅಯಾನು ಇಡಿ. ಜಾಲಕ ಸರಿಯಾಗಿ ಕೂರುವುದಕ್ಕೇ ಕಷ್ಟ. 1914ರಲ್ಲಿ ಪಾಲ್ ವಾಲ್ಡನ್ ವರದಿ ಮಾಡಿದ ಎಥೈಲ್ ಅಮೋನಿಯಂ ನೈಟ್ರೇಟ್ ಪೂರ್ತಿ ಅಯಾನುಗಳದ್ದೇ, ಆದರೆ ಅದರ ದ್ರವನ ಬಿಂದು ಸುಮಾರು 12 ಡಿಗ್ರಿ. ಕೋಣೆಯ ಮೇಜಿನ ಮೇಲಿಟ್ಟರೆ ಅದು ಒಂದು ಹನಿ ನೀರೂ ಸೇರದ, ಹರಿದಾಡುವ ಲವಣ.